ಬಟ್ಟೆ ಎಳೆದ ಫೋಟೋ ಸಾಕು, ಗಾಡಿ ಎಷ್ಟು ಓಡಿದೆ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ,

ವಿದ್ಯಾರ್ಥಿಗಳೇ ಸೇರ್ಕೊಂಡು ಫಾರ್ಮುಲಾ ಕಾರ್ ಕಟ್ಟಿದ್ರು ಅನ್ನೋ ಸುದ್ದಿ ಪೇಪರಲ್ಲಿ ಆಗಾಗ ಬರ್ತಾನೇ ಇರತ್ತೆ. ಕಾಲೇಜು ಯಾವುದೇ ಇರ್ಲಿ ಫೋಟೋ ಮಾತ್ರ ಒಂದೇ, ಬಟ್ಟೆ ಅರ್ಧ ಎಳೆದಿರತ್ತೆ, ಅದರಡಿ ಮಿರಮಿರ ಮಿಂಚೋ ಗಾಡಿ ಮೂತಿ, ಮುಂದೆ ಪ್ರಿನ್ಸಿಪಾಲರು, ಪಕ್ಕದಲ್ಲಿ ಮುಖ್ಯ ಅತಿಥಿ, ಗಾಡಿ ಕಟ್ಟಿದ ಹುಡುಗ ಹುಡುಗೀರು ಮೂರನೇ ಸಾಲಲ್ಲಿ ಕುತ್ತಿಗೆ ಉದ್ದ ಮಾಡ್ಕೊಂಡು ನಿಂತಿರ್ತಾರೆ. ಕೆಳಗೆ ಒಂದು ಸಾಲು, ‘ಗಂಟೆಗೆ ಇಷ್ಟು ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು’ ಅಂತ. ಓಡಬಲ್ಲದು. ಇಷ್ಟು ದೂರ ಓಡಿದೆ ಅಂತ ಬರೆದಿದ್ದು ನಾನಂತೂ ನೋಡಿಲ್ಲ, ಈ ಪತ್ರ ಆ ಒಂದು ಪದದ ಬಗ್ಗೇನೇ.

ನಾನೂ ಇಂಥದ್ದೇ ಒಂದು ಟೀಮಲ್ಲಿ ಮೂರು ವರ್ಷ ಇದ್ದೆ, ವೈರಿಂಗು ಬ್ಯಾಟರಿ ಸೆನ್ಸರು ಎಲ್ಲಾ ನನ್ನ ತಲೆ ಮೇಲೆ. ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಇದು ಟೀವಿಲಿ ನೋಡೋ ಎಫ್ ಒನ್ ಅಲ್ಲ, ‘ಎಫ್ ಒನ್ ಕಾರ್ ತಯಾರಿಸಿದ ವಿದ್ಯಾರ್ಥಿಗಳು’ ಅಂತ ಹೆಡ್ಡಿಂಗ್ ಬಂದಾಗೆಲ್ಲ ನಮಗೇ ನಾಚಿಕೆ ಆಗೋದು. 1981ರಲ್ಲಿ ಅಮೆರಿಕದ ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಲಿ ಫಾರ್ಮುಲಾ ಎಸ್‌ಎಇ ಅಂತ, ವಿದ್ಯಾರ್ಥಿಗಳೇ ಗಾಡಿ ಕಟ್ಟಿ ಓಡಿಸೋ ಸ್ಪರ್ಧೆ ಶುರುವಾಯ್ತು, ಇಂಗ್ಲೆಂಡಲ್ಲಿ 1998ರಿಂದ ಫಾರ್ಮುಲಾ ಸ್ಟೂಡೆಂಟ್ ಅಂತ ನಡೀತಿದೆ, ಜರ್ಮನಿಯವರು 2006ರಿಂದ ಹಾಕನ್‌ಹೈಮ್ ಟ್ರ್ಯಾಕಲ್ಲಿ ಮಾಡ್ತಾರೆ, ರೂಲ್ಸ್ ಅಲ್ಲಿಲ್ಲಿ ಸ್ವಲ್ಪ ಆಚೀಚೆ ಇದ್ರೂ ಆಟ ಒಂದೇ. ಒಂದು ಕಂಪನಿಗೆ ಮಾದರಿ ಗಾಡಿ ಮಾಡ್ಕೊಡ್ತಿದೀವಿ, ವಾರಾಂತ್ಯದಲ್ಲಿ ಖುಷಿಗೆ ರೇಸ್ ಓಡಿಸೋ ಸಾಮಾನ್ಯ ಜನ ಇದನ್ನ ಕೊಂಡ್ಕೋತಾರೆ ಅಂದ್ಕೊಂಡು ಗಾಡಿ ಕಟ್ಬೇಕು. ಕೋನ್ ಇಟ್ಟ ಸುತ್ತುಬಳಸಿನ ಟ್ರ್ಯಾಕು, ಬರೀ ತಿರುವುಗಳೇ, ಎಂಡ್ಯೂರೆನ್ಸ್ ಅನ್ನೋ ಉದ್ದದ ಓಟದಲ್ಲಿ ಸರಾಸರಿ ವೇಗ ಗಂಟೆಗೆ 48ರಿಂದ 57 ಕಿಲೋಮೀಟರ್ ಬರೋ ಹಾಗೇ ಟ್ರ್ಯಾಕ್ ಹಾಕಿ ಅಂತ ರೂಲ್‌ಬುಕ್ಕಲ್ಲೇ ಇರತ್ತೆ, ಟಾಪ್ ಸ್ಪೀಡ್ 105ರ ಆಸುಪಾಸು. ನಮ್ಮ ಗಾಡಿ 180 ಹೋಗತ್ತೆ ಅಂತ ಫೋಟೋ ದಿನ ಯಾರೋ ಹೇಳ್ಬಿಟ್ಟಿದ್ರು, ಅದೇ ಪ್ರಿಂಟೂ ಆಯ್ತು. ಆ ವೇಗಕ್ಕೆ ಆ ಟ್ರ್ಯಾಕಲ್ಲಿ ಜಾಗಾನೇ ಇರಲ್ಲ ಸ್ವಾಮಿ.

ವೇಗಕ್ಕೆ ಮೂಗುದಾರ ಬೇರೆ ಹಾಕಿರ್ತಾರೆ. ಪೆಟ್ರೋಲ್ ಗಾಡಿ ಆದ್ರೆ ಇಂಜಿನ್ 710 ಸಿಸಿ ದಾಟೋ ಹಾಗಿಲ್ಲ, ಅದು ಉಸಿರಾಡೋ ಗಾಳಿ ಪೂರ್ತಿ 20 ಮಿಲಿಮೀಟರ್ ತೂತಿನ ಮೂಲಕವೇ ಹೋಗ್ಬೇಕು, ಹೆಬ್ಬೆರಳು ತೂರಿಸಿದ್ರೆ ಮುಚ್ಚಿಹೋಗೋವಷ್ಟು ತೂತು ಅದು. ಒಂದು ಹಂತಕ್ಕೆ ಬಂದ್ಮೇಲೆ ಆ ತೂತಲ್ಲಿ ಗಾಳಿ ಶಬ್ದದ ವೇಗ ಮುಟ್ಟತ್ತೆ, ಆಮೇಲೆ ಏನೇ ತಿಪ್ಪರಲಾಗ ಹಾಕಿದ್ರೂ ಅದಕ್ಕಿಂತ ಜಾಸ್ತಿ ಗಾಳಿ ಒಳಗೆ ಹೋಗಲ್ಲ. ಟ್ರ್ಯಾಕಿಗೆ ಇಳಿಯೋಕ್ಕೆ ಮುಂಚೆ ಗಾಡೀನ ಟೇಬಲ್ ಮೇಲೆ ಕಟ್ಟಿ 60 ಡಿಗ್ರಿ ಓರೆ ಮಾಡ್ತಾರೆ, ಮಗುಚಬಾರ್ದು, ಒಂದು ಹನಿ ಸೋರಬಾರ್ದು. ಬ್ರೇಕ್ ಒತ್ತಿದ್ರೆ ನಾಲ್ಕೂ ಚಕ್ರ ಲಾಕ್ ಆಗ್ಬೇಕು. ಡ್ರೈವರ್ ಬೆಲ್ಟ್ ಗಿಲ್ಟ್ ಎಲ್ಲಾ ಬಿಚ್ಕೊಂಡು 5 ಸೆಕೆಂಡಲ್ಲಿ ಆಚೆ ಬಂದಿರ್ಬೇಕು.

ಈಗ ಅಂಕದ ಲೆಕ್ಕಕ್ಕೆ ಬರ್ತೀನಿ, ಯಾಕಂದ್ರೆ ನನ್ನ ತಕರಾರು ಇರೋದೇ ಅಲ್ಲಿ. ಒಟ್ಟು 1000 ಪಾಯಿಂಟು. ಡಿಸೈನ್ ವಿವರಿಸೋಕೆ 150, ಖರ್ಚಿನ ಲೆಕ್ಕಕ್ಕೆ 100, ಬಿಸಿನೆಸ್ ಪ್ರೆಸೆಂಟೇಶನ್‌ಗೆ 75, ನಿಂತಲ್ಲೇ ನಿಂತು ಗಳಿಸೋದು ಇಷ್ಟೇ, 325. ಉಳಿದ 675 ಪೂರ್ತಿ ಗಾಡಿ ಓಡಿದ್ರೆ ಮಾತ್ರ, 75 ಮೀಟರ್ ನೇರ ಓಟ, ಎಂಟರ ಆಕಾರದಲ್ಲಿ ಸುತ್ತೋದು, ಕೋನ್ ಟ್ರ್ಯಾಕಲ್ಲಿ ಒಂದೇ ಸುತ್ತಿನ ಟೈಮ್ ನೋಡೋ ಆಟೋಕ್ರಾಸ್, ಕೊನೆಗೆ ಸುಮಾರು 22 ಕಿಲೋಮೀಟರಿನ ಎಂಡ್ಯೂರೆನ್ಸ್. ಎಂಡ್ಯೂರೆನ್ಸ್ ಒಂದಕ್ಕೇ 275, ಅದ್ರಲ್ಲಿ ಎಷ್ಟು ಕಮ್ಮಿ ಇಂಧನ ಕುಡೀತು ಅನ್ನೋದಕ್ಕೆ ಇನ್ನೂ 100. ಗಾಡಿ ಮಧ್ಯದಲ್ಲಿ ನಿಂತ್ರೆ ಇವೆರಡೂ ಹೆಚ್ಚೂಕಮ್ಮಿ ಪೂರ್ತಿ ಕೈ ಬಿಟ್ಟ ಹಾಗೆ. 22 ಕಿಲೋಮೀಟರ್ ಏನ್ ಮಹಾ ಅನ್ಸತ್ತೆ ಅಲ್ವಾ, ನಮಗೂ ಅನ್ಸಿತ್ತು.

ನಮ್ಮ ಕಥೆ ಹೀಗಾಯ್ತು. ತೂಕ ಕಮ್ಮಿ ಮಾಡ್ಬೇಕು ಅಂತ ಆ ವರ್ಷ ಎಲ್ರಿಗೂ ಹುಚ್ಚು, ಬೋಲ್ಟ್‌ಗೂ ತೂತು ಕೊರೀತಿದ್ವಿ. ನಾನು ಹಳೇ ದಪ್ಪ ಬ್ಯಾಟರಿ ತೆಗೆದು ಅಂಗೈಯಗಲದ ಪುಟ್ಟ ಲಿಥಿಯಂ ಬ್ಯಾಟರಿ ಹಾಕ್ದೆ, ಎರಡು ಕಿಲೋ ಉಳೀತು, ಕ್ಯಾಪ್ಟನ್ನಿಂದ ಬೆನ್ನು ತಟ್ಟಿಸ್ಕೊಂಡೆ. ವರ್ಕ್‌ಶಾಪ್ ಹಿಂದಿನ ಪಾರ್ಕಿಂಗಲ್ಲಿ ಆರೇಳು ನಿಮಿಷ ಓಡಿಸಿದ್ವಿ, ಸೆಲ್ಫ್ ಒತ್ತಿದ್ರೆ ಟಕ್ ಅಂತ ಸ್ಟಾರ್ಟು, ಒಂದು ಸಲವೂ ಕೈ ಕೊಡ್ಲಿಲ್ಲ. ಸ್ಪರ್ಧೆ ದಿನ ಮೊದಲನೇ ಡ್ರೈವರ್ ಅರ್ಧ ದೂರ, ಅಂದ್ರೆ 11 ಕಿಲೋಮೀಟರ್, ಚೆನ್ನಾಗೇ ಮುಗಿಸ್ದ, ಕೋನ್ ಕೂಡ ಬೀಳಿಸ್ಲಿಲ್ಲ. ಅಲ್ಲಿ ಡ್ರೈವರ್ ಬದಲಾಗ್ಬೇಕು, ಇಂಜಿನ್ ಆಫ್ ಮಾಡ್ಬೇಕು, ಇರೋದು ಮೂರೇ ನಿಮಿಷ. ಎರಡನೇ ಡ್ರೈವರ್ ನಮ್ಮ ಜೂನಿಯರ್ ಹುಡುಗಿ, ಕೂತ್ಲು, ಬೆಲ್ಟ್ ಬಿಗಿದ್ವಿ, ಸೀಟಿಂದ ಬಿಸಿ ಹಬೆ ಏಳ್ತಿತ್ತು, ಹೆಬ್ಬೆರಳು ಎತ್ತಿ ಸನ್ನೆ ಮಾಡಿ ಬಟನ್ ಒತ್ತಿದ್ಲು. ಇಂಜಿನ್ ಒಂದು ಸಲ ಗುರ್ ಅಂತು, ಸ್ಟೀರಿಂಗ್ ಮೇಲಿನ ಪುಟ್ಟ ಸ್ಕ್ರೀನ್ ಕಪ್ಪಾಗಿ ಮತ್ತೆ ಬೆಳಗ್ತು. ಇನ್ನೊಂದ್ಸಲ ಒತ್ತಿದ್ಲು, ಅದೇ, ಗುರ್, ಕಪ್ಪು, ಬೆಳಕು. ಆ ಸ್ಕ್ರೀನ್ ಕಣ್ಣು ಮಿಟುಕಿಸಿದ್ದು ನೋಡಿದ ತಕ್ಷಣ ನನಗೆ ಅರ್ಥ ಆಯ್ತು, ಉಳಿದೋರೆಲ್ಲ ಪೆಟ್ರೋಲ್ ಬರ್ತಿಲ್ಲ ಅಂತ ಕೂಗಾಡ್ತಿದ್ರು, ನಾನು ಸುಮ್ನೆ ನಿಂತಿದ್ದೆ.

ಆಗಿದ್ದು ಇಷ್ಟೇ. ಹದಿಮೂರು ಹದಿನಾಲ್ಕು ನಿಮಿಷ ಜೋರಾಗಿ ಓಡಿದಾಗ ನೀರು ಕಾದು ರೇಡಿಯೇಟರ್ ಫ್ಯಾನ್ ನಿಲ್ಲದೇ ತಿರುಗ್ತಿತ್ತು, ಪಾರ್ಕಿಂಗಲ್ಲಿ ಆರೇಳು ನಿಮಿಷಕ್ಕೆ ಅಷ್ಟು ಕಾಯ್ತಾನೇ ಇರ್ಲಿಲ್ಲ, ಫ್ಯಾನ್ ಆನ್ ಆಗೋದೇ ಅಪರೂಪ. ಫ್ಯಾನು, ಫ್ಯುಯೆಲ್ ಪಂಪು, ಇಸಿಯು (ಇಂಜಿನ್ ನಡೆಸೋ ಪುಟ್ಟ ಕಂಪ್ಯೂಟರ್) ಎಲ್ಲಾ ಒಟ್ಟಿಗೆ ಎಳೆಯೋ ಕರೆಂಟು ನಿಧಾನ ತಿರುವುಗಳಲ್ಲಿ ಇಂಜಿನ್ ಹುಟ್ಟಿಸೋದಕ್ಕಿಂತ ಜಾಸ್ತಿ, ಕೊರತೆ ಬಿದ್ದಿದ್ದನ್ನ ನನ್ನ ಪುಟ್ಟ ಬ್ಯಾಟರಿ ತುಂಬ್ತಾ ತುಂಬ್ತಾ ಬರಿದಾಗ್ತಾ ಬಂತು. ಸೆಲ್ಫ್ ಒತ್ತಿದಾಗ ವೋಲ್ಟೇಜ್ ದಪ್ ಅಂತ ಬಿತ್ತು, ಇಸಿಯು ರೀಸೆಟ್ ಆಯ್ತು, ಇಸಿಯು ಇಲ್ಲ ಅಂದ್ರೆ ಕಿಡಿ ಇಲ್ಲ. ಪಾರ್ಕಿಂಗಲ್ಲಿ ಒಂದೇ ಒಂದು ಸಲ 22 ಕಿಲೋಮೀಟರ್ ಓಡಿಸಿ ಮಧ್ಯದಲ್ಲಿ ಆಫ್ ಮಾಡಿ ಆನ್ ಮಾಡಿದ್ರೆ ಇದು ಸಿಕ್ಕಿಬೀಳ್ತಿತ್ತು, ಆ ಹಳೇ ದಪ್ಪ ಬ್ಯಾಟರಿ ವಾಪಸ್ ಹಾಕಿದ್ರೆ ಮುಗೀತಿತ್ತು.

ಯಾಕೆ ಓಡಿಸ್ಲಿಲ್ಲ ಅಂದ್ರೆ, ಜಾಗ ಕೊಟ್ಟವ್ರು ಯಾರು? ಗಾಡಿ ಕಟ್ಟೋಕೆ ಕಾಲೇಜು ಧಾರಾಳವಾಗೇ ಕೊಡ್ತು, ಕಬ್ಬಿಣದ ಪೈಪು, ಲೇತ್, ವೆಲ್ಡಿಂಗ್ ಮಿಷಿನ್ನು, ರಾತ್ರಿ ವರ್ಕ್‌ಶಾಪ್ ಬೀಗ ಕೂಡ, ಅದಕ್ಕೆ ಈಗಲೂ ಕೃತಜ್ಞತೆ ಇದೆ. ಓಡಿಸ್ಬೇಕು ಅಂದ ತಕ್ಷಣ ಎಲ್ಲರ ಮುಖವೂ ಬಿಗಿಯೋದು. ಶಬ್ದ ಅಂತ ಒಬ್ರು, ಅಪಾಯ ಅಂತ ಒಬ್ರು, ಇನ್ಶೂರೆನ್ಸ್ ಯಾರು ನೋಡ್ಕೋತಾರೆ ಅಂತ ಮತ್ತೊಬ್ರು, ಪಾರ್ಕಿಂಗ್ ಖಾಲಿ ಇರೋ ಭಾನುವಾರ ಬೆಳಿಗ್ಗೆ ಒಂದು ಗಂಟೆ ಓಡಿಸೋಕೆ ನಾಲ್ಕು ಜನರ ಸಹಿ ಬೇಕು, ಮೂರು ಸಹಿ ಆಗೋ ಹೊತ್ತಿಗೆ ಭಾನುವಾರ ಮುಗಿದಿರೋದು. ಅವರ ಭಯ ಸುಳ್ಳು ಅಂತ ಹೇಳ್ತಿಲ್ಲ ನಾನು, ಹದ್ದುಬಸ್ತಿಲ್ದೆ ಓಡಿಸಿದ್ರೆ ನಿಜಕ್ಕೂ ಅಪಾಯಾನೇ. ಅದಕ್ಕೇ ಕೇಳೋದು, ಕೋನ್, ಬೆಂಕಿ ಆರಿಸೋ ಸಿಲಿಂಡರ್, ಹೆಲ್ಮೆಟ್, ಒಬ್ರು ಮೇಷ್ಟ್ರು, ಇಷ್ಟಿಟ್ಕೊಂಡು ಟೈಮ್‌ಟೇಬಲ್ಲಲ್ಲೇ ಅದಕ್ಕೊಂದು ದಿನ ಬರೆದುಬಿಡಿ. ಅನಾವರಣದ ದಿನ ಮಾತ್ರ ಆರು ತಿಂಗಳ ಮುಂಚೇನೇ ಗೊತ್ತಾಗಿರತ್ತೆ, ಅದಕ್ಕೆ ಪೇಂಟ್ ಒಣಗಿಸೋಕೆ ನಾಲ್ಕು ದಿನ ಹೋಗತ್ತೆ (ನಾಲ್ಕು ದಿನ, ಪೇಂಟ್‌ಗೆ!), ಗಾಡಿ ಸ್ಪರ್ಧೆಗೆ ಹೋಗೋ ಲಾರಿ ಹತ್ತೋ ಹಿಂದಿನ ರಾತ್ರಿ ಕೊನೇ ಬೋಲ್ಟ್ ಬೀಳತ್ತೆ.

ಓಡಿಸದೇ ಇದ್ರೆ ನಿಂತಲ್ಲಿ ಸಿಗೋ ಅಂಕವೂ ಹೋಗತ್ತೆ, ಇದನ್ನ ಯಾರೂ ಹೇಳಲ್ಲ. ಡಿಸೈನ್ ಜಡ್ಜ್‌ಗಳು ವರ್ಷಾನುಗಟ್ಟಲೆ ಇದೇ ಕೆಲಸದಲ್ಲಿ ಪಳಗಿದ ಇಂಜಿನಿಯರುಗಳು, ಗಾಡಿ ಚೆನ್ನಾಗಿದ್ಯಾ ಅಂತ ನೋಡೋಕೆ ಬರಲ್ಲ, ಯಾಕೆ ಹೀಗೆ ಮಾಡಿದ್ರಿ ಅಂತ ಕೇಳೋಕೆ ಬರ್ತಾರೆ. ಚಕ್ರ ಹಿಡಿದಿರೋ ಈ ಸಸ್ಪೆನ್ಶನ್ ತೋಳು ಇಷ್ಟು ದಪ್ಪ ಯಾಕೆ ಅಂದ್ರು ನಮ್ಮ ಸಸ್ಪೆನ್ಶನ್ ಹುಡುಗನ್ನ, ಸಾಫ್ಟ್‌ವೇರ್ ಹೇಳ್ತು ಸಾರ್ ಅಂದ. ಓಡಿಸಿ ಅಳೆದು ನೋಡಿದ್ರಾ, ಸಾಫ್ಟ್‌ವೇರ್ ಹೇಳಿದಷ್ಟೇ ಬಲ ಬಂತಾ ಅಂದ್ರು. ಅವನು ನನ್ನ ಮುಖ ನೋಡ್ದ, ಸೆನ್ಸರ್ ಹಾಕಿದ್ದು ನಾನೇ, ಓದೋಕೆ ಅದ್ರಲ್ಲಿ ಏನೂ ಇರ್ಲಿಲ್ಲ.

ಎದುರು ಉದಾಹರಣೆ ಬೇಕಿದ್ರೆ 2023ರಲ್ಲಿ ಸ್ವಿಟ್ಜರ್ಲೆಂಡಿನ ವಿದ್ಯಾರ್ಥಿಗಳು, ಜ್ಯೂರಿಕ್‌ನ ಇಟಿಎಚ್ ಯೂನಿವರ್ಸಿಟಿ ಮತ್ತೆ ಲೂಸರ್ನ್ ಕಾಲೇಜಿನವ್ರು, ತಾವೇ ಕಟ್ಟಿದ ‘ಮಿಥೆನ್’ ಅನ್ನೋ ಎಲೆಕ್ಟ್ರಿಕ್ ಗಾಡೀನ ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ 0.956 ಸೆಕೆಂಡಲ್ಲಿ ತಂದು ವಿಶ್ವದಾಖಲೆ ಮಾಡಿದ್ರು, ಬೇಕಾಗಿದ್ದು ಬರೀ 12.3 ಮೀಟರ್ ಜಾಗ. ತೂಕ ಸುಮಾರು 140 ಕಿಲೋ, ನೆಲಕ್ಕೆ ಅಂಟಿಕೊಳ್ಳೋಕೆ ವ್ಯಾಕ್ಯೂಮ್ ಕ್ಲೀನರ್ ತರ ಅಡಿಯಿಂದ ಗಾಳಿ ಹೀರೋ ವ್ಯವಸ್ಥೆ ಇತ್ತು. ಎಲ್ಲಾ ಪೇಪರಲ್ಲೂ ಬರೀ ಸೆಕೆಂಡ್ ಬಂತು. ನಾನು ಹುಡುಕಿದ್ದು ಎಲ್ಲಿ ಓಡಿಸಿದ್ರು ಅಂತ, ಡ್ಯೂಬೆಂಡೋರ್ಫ್ ಅಂತ ಒಂದೂರು, ಏರ್‌ಫೀಲ್ಡ್ ಪಕ್ಕದ ಇನ್ನೋವೇಶನ್ ಪಾರ್ಕು. ಜಾಗ ಇತ್ತು ನೋಡಿ ಅವ್ರಿಗೆ.

ಕಾಲೇಜಿನವರು ನನ್ನ ಪತ್ರ ಓದಿ ಬದಲಾಗ್ತಾರೆ ಅನ್ನೋ ಭ್ರಮೆ ಇಲ್ಲ, ಆದ್ರೆ ಪೇಪರಲ್ಲಿ ಏನು ಬರತ್ತೆ ಅನ್ನೋದಕ್ಕೆ ಅವ್ರು ತುಂಬಾ ಬೆಲೆ ಕೊಡ್ತಾರೆ, ಅದು ಚೆನ್ನಾಗಿ ಗೊತ್ತು. ಅದಕ್ಕೇ ನಿಮ್ಮಲ್ಲಿ ಕೇಳೋದು, ಮುಂದಿನ ಸಲ ಬಟ್ಟೆ ಎಳೆಯೋ ಕಾರ್ಯಕ್ರಮಕ್ಕೆ ನಿಮ್ಮ ವರದಿಗಾರರು ಹೋದಾಗ ಎಷ್ಟು ಸ್ಪೀಡ್ ಹೋಗತ್ತೆ ಅಂತ ಕೇಳೋ ಬದ್ಲು ಇಲ್ಲೀವರೆಗೆ ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳ್ಲಿ, ಬಂದ ಉತ್ತರವನ್ನ ಹಾಗೇ ಅಚ್ಚು ಹಾಕಿ, ಸೊನ್ನೆ ಆದ್ರೂ ಪರ್ವಾಗಿಲ್ಲ. ಕೇಳೋಕೆ ಸಂಕೋಚ ಆದ್ರೆ ಇನ್ನೊಂದು ದಾರಿ ಇದೆ, ಟೈರ್ ಮೇಲೆ ಒಂದ್ಸಲ ಕೈಯಾಡಿಸಿ ನೋಡ್ಲಿ. ನುಣ್ಣಗೆ ಹೊಳೀತಿದ್ರೆ ಗಾಡಿ ಓಡೇ ಇಲ್ಲ. ಒರಟಾಗಿ, ಸಣ್ಣ ಸಣ್ಣ ರಬ್ಬರ್ ಚೂರು ಅಂಟ್ಕೊಂಡು, ಕೈಗೆ ಕಪ್ಪು ಮೆತ್ತಿದ್ರೆ ಓಡಿದೆ, ಆ ಕೈಯಲ್ಲೇ ಮೂರನೇ ಸಾಲಿನ ಹುಡುಗರ ಕೈ ಕುಲುಕಿ ಬರ್ಲಿ.

ಇಂತಿ,
ಎರಡು ಕಿಲೋ ಉಳಿಸಿದ ಹಳೇ ವಿದ್ಯಾರ್ಥಿ