ಹೆಸರಿಲ್ಲದ ಆ ಸಾಲಿನ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಾಳೆ ಮುತ್ತಜ್ಜಿಯ ದಾಖಲೆಗಳನ್ನು ಹುಡುಕಲು ಹೊರಡುವ ಮುನ್ನ ಇದನ್ನು ಓದಿಬಿಡು. ನಿನ್ನೆಯ ಜಗಳವನ್ನು ಮತ್ತೆ ಕೆದಕುವುದಿಲ್ಲ. ದನಿ ಏರಿದ್ದಕ್ಕೆ ನನಗೆ ಬೇಸರವಿದೆ, ಆಡಿದ ಮಾತಿಗೆ ಇಲ್ಲ.

ನಿನ್ನ ಬಳಿಯಿರುವ ಜನನ ನೋಂದಣಿಯ ನಕಲಿನಲ್ಲಿ ತಾರೀಖಿದೆ, ತಂದೆಯ ಹೆಸರಿದೆ, ‘ಹೆಣ್ಣು’ ಎಂದಿದೆ. ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ. ಹೆಸರಿಡುವ ಮೊದಲೇ ನೋಂದಣಿ ಮಾಡಿಸುತ್ತಿದ್ದುದರಿಂದ ಅದು ವಿಶೇಷವೇನಲ್ಲ; 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲೂ ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ. ಆದರೆ ನೀನು ಅಲ್ಲಿ ಪೆನ್ಸಿಲಿನಿಂದ ಮುತ್ತಜ್ಜಿಯ ಹೆಸರು ಬರೆದುಬಿಟ್ಟೆ. ಮುತ್ತಜ್ಜಿಗೂ ಮೊದಲು ಒಂದು ಹೆಣ್ಣುಮಗು ಹುಟ್ಟಿ ತೀರಿಕೊಂಡಿತ್ತೆಂದೂ, ಅದರ ಹೆಸರನ್ನೇ ಇವರಿಗೆ ಇಟ್ಟರೆಂದೂ ನಿನ್ನ ಅಜ್ಜಿ ಹೇಳುತ್ತಿದ್ದರು. ಹಾಗಿದ್ದರೆ ಆ ಸಾಲು ಯಾರದು? ಆ ಕೂಸಿನ ಗುರುತಾಗಿ ಉಳಿದಿರುವುದು ಬಹುಶಃ ಅದೊಂದೇ. ಅದನ್ನೂ ತಂಗಿಯ ಲೆಕ್ಕಕ್ಕೆ ಬರೆದರೆ ಅದು ಹುಟ್ಟಿಯೇ ಇರಲಿಲ್ಲ ಎಂದಂತಾಗುತ್ತದೆ. ರಾತ್ರಿಯಿಡೀ ನನ್ನನ್ನು ಕಾಡಿದ್ದು ಇದೇ.

ದಾಖಲೆ ಸುಳ್ಳು ಹೇಳುವುದಿಲ್ಲ ಎಂದು ನೀನು ವಾದಿಸಿದೆ. ಮುತ್ತಜ್ಜಿಯ ಮರಣ ದಾಖಲೆಯ ವಯಸ್ಸಿನಿಂದ ಹಿಂದಕ್ಕೆ ಎಣಿಸಿ ಅವರು ಹುಟ್ಟಿದ ವರ್ಷವನ್ನು ನೀನು ಹಿಡಿದೆಯಲ್ಲ, ಆ ವಯಸ್ಸನ್ನು ಹೇಳಿ ಬರೆಸಿದವರು ನಿನ್ನ ಅಜ್ಜ, ಅದೂ ಅಂದಾಜಿನ ಮೇಲೆ. ಆದ್ದರಿಂದ ಯಾವ ದಾಖಲೆ ಸಿಕ್ಕರೂ ಮಾಹಿತಿ ಕೊಟ್ಟವರು ಯಾರೆಂದು ಮೊದಲು ನೋಡು, ನೋಂದಣಿಯ ತಾರೀಖನ್ನು ಹುಟ್ಟಿದ ತಾರೀಖೆಂದು ತಿಳಿಯಬೇಡ, ಸಮಾಧಿ ಮಾಡಿದ ದಿನವನ್ನು ಸತ್ತ ದಿನವೆಂದು ಬರೆಯಬೇಡ. 1886ರ ಕಾಯ್ದೆಯಡಿ ನೋಂದಣಿ ಐಚ್ಛಿಕವಾಗಿತ್ತು; ಹಾಗಾಗಿ ಹೆಸರು ಸಿಗದಿದ್ದರೆ ಆ ವ್ಯಕ್ತಿಯೇ ಇರಲಿಲ್ಲ ಎಂದಾಗದು. ಮುತ್ತಜ್ಜಿಯ ಸಾವಿನ ಕಾರಣವನ್ನಂತೂ ಅಲ್ಲಿ ಕೇಳಬೇಡ. ಅದನ್ನು ನಕಲಿನಲ್ಲಿ ಕೊಡುವಂತಿಲ್ಲವೆಂದು 1969ರ ಕಾಯ್ದೆಯೇ ಹೇಳುತ್ತದೆ. ಇಷ್ಟುದ್ದ ಪಾಠ ಹೇಳಬಾರದೆಂದುಕೊಂಡೇ ಬರೆಯಲು ಕುಳಿತಿದ್ದೆ.

ಮಾಸಿದ ಶಾಯಿಯ ಮೋಡಿ ಅಕ್ಷರವನ್ನು ಬಿಡಿಸಿ ಓದುವ ತಾಳ್ಮೆ ನಮ್ಮ ಮನೆಯಲ್ಲಿ ನಿನ್ನೊಬ್ಬಳಿಗೇ ಇದೆ, ಅದನ್ನು ಎಲ್ಲರೆದುರು ಹೇಳಿಕೊಳ್ಳುತ್ತೇನೆ ಕೂಡ. ಆದ್ದರಿಂದಲೇ ಕೇಳುತ್ತಿದ್ದೇನೆ. ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದೇ ತಂದೆತಾಯಿಯ ಹೆಸರಿನಡಿ ಅದೇ ಹೆಸರು ಎರಡು ಸಲ ಬಂದಿದೆಯೇ ನೋಡು. ಬಂದಿದ್ದರೆ ಆ ಎರಡು ತಾರೀಖುಗಳ ನಡುವಿನ ಸಮಾಧಿ ದಾಖಲೆಯನ್ನು ಪುಟಪುಟವಾಗಿ ಹುಡುಕು. ಕೂಸಿನ ಹೆಸರು ಸಿಗದಿದ್ದರೆ ತಂದೆಯ ಹೆಸರನ್ನು ಹಿಡಿದು ನೋಡು. ಅಲ್ಲಿಯವರೆಗೆ ಪೆನ್ಸಿಲಿನ ಆ ಬರಹವನ್ನು ಅಳಿಸಿಡು. ಸಿಕ್ಕ ಎಲ್ಲದರ ದೃಢೀಕೃತ ನಕಲು ಮಾಡಿಸು, ಖರ್ಚು ನನ್ನದು.

ಇಂತಿ,
ನಿನ್ನ ಅಪ್ಪ