ಶಿಬಿರ ಒಂದು ದಿನದ್ದು, ಗೊಬ್ಬರಕ್ಕೆ ಮೂರು ತಿಂಗಳು

ಮಾನ್ಯ ಸಂಪಾದಕರೇ,

ಮುಂಬಯಿಯ ಕನ್ನಡ ಸಂಘಗಳು, ಹೌಸಿಂಗ್ ಸೊಸೈಟಿಗಳು ಹಸಿ ಕಸದಿಂದ ಗೊಬ್ಬರ ಮಾಡುವುದನ್ನು ಕಲಿಸುವ ಕಾಂಪೋಸ್ಟ್ ಶಿಬಿರ ನಡೆಸುವುದು ಸಂತೋಷವೇ. ಆದರೆ ಭಾನುವಾರದ ಒಂದು ಭಾಷಣದಿಂದ ಗೊಬ್ಬರದ ತೊಟ್ಟಿ ನಡೆಯುವುದಿಲ್ಲ. ಕುರ್ಚಿಯಲ್ಲಿ ಕೂತು ಕೇಳುವವರು ಕಮಿಟಿಯವರು, ತೊಟ್ಟಿಗೆ ಕೈ ಹಾಕುವವನು ಮಾಲಿ. ಅವನನ್ನು ಯಾರೂ ಕರೆದಿರುವುದೇ ಇಲ್ಲ.

50 ಮನೆಗಳ ಕಟ್ಟಡದಲ್ಲಿ ದಿನಕ್ಕೆ ಹೆಚ್ಚು ಕಡಿಮೆ 25 ಕಿಲೋ ಹಸಿ ಕಸ ಬರುತ್ತದೆ. ಉದ್ದ, ಅಗಲ, ಎತ್ತರ ನಾಲ್ಕು ನಾಲ್ಕು ಅಡಿಯ, ಗಾಳಿಯಾಡುವ ಮೂರು ತೊಟ್ಟಿ ಸಾಕು. ಒಂದು ತುಂಬಲು ತಿಂಗಳು ಬೇಕು, ಅಷ್ಟರಲ್ಲಿ ಉಳಿದೆರಡು ಮಾಗುತ್ತಿರುತ್ತವೆ. ತಳಕ್ಕೆ ಅರ್ಧ ಅಡಿ ತೆಂಗಿನ ಸಿಪ್ಪೆ, ಕಡ್ಡಿ. ಆಮೇಲೆ ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ಎಲೆ, ಒಂದೆರಡು ಹಿಡಿ ಹಳೆ ಗೊಬ್ಬರ. ವಾರಕ್ಕೊಮ್ಮೆ ಮಗುಚಬೇಕು. ಉಳಿದ ಸಾಂಬಾರನ್ನು ಸೋಸಿ ಗಟ್ಟಿಯನ್ನಷ್ಟೇ ಹಾಕಬೇಕು. ತೆಂಗಿನ ಚಿಪ್ಪು ವರ್ಷವಾದರೂ ಕರಗದು, ಬೇರೆ ಇಡಿ.

ಎಡವಟ್ಟು ಶುರುವಾಗುವುದು ಮೊದಲ ವಾರ ಕಳೆದ ಮೇಲೆ. ಬಿಳಿ ಹುಳು ಕಂಡ ಕೂಡಲೇ ಯಾರೋ ಫಿನೈಲ್ ಸುರಿಯುತ್ತಾರೆ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಹುಳು ಎಂದರೆ ತೇವ ಜಾಸ್ತಿ, ಅಷ್ಟೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಒಂದೆರಡು ಹನಿ ಜಿನುಗಿದರೆ ಸರಿ, ಧಾರೆ ಇಳಿದರೆ ಎಲೆ ಬೆರೆಸಿ ಮಗುಚಿ, ಉದುರಿಹೋದರೆ ನೀರು ಚಿಮುಕಿಸಿ. ಕಬ್ಬಿಣದ ಸರಳನ್ನು ನಡುವೆ ಐದು ನಿಮಿಷ ಚುಚ್ಚಿಟ್ಟು ತೆಗೆದಾಗ ಮುಟ್ಟಲಾಗದಷ್ಟು ಬಿಸಿಯಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಿಲ್ಲ. ಮೂಗಿಗೆ ರಪ್ಪನೆ ಬಡಿಯುವ ಅಮೋನಿಯಾ ಆದರೆ ಎಲೆ ಸಾಲದು. ಆದ್ದರಿಂದ ತರಬೇತಿ ಕೊಟ್ಟವರು 3, 10, 21, 45ನೇ ದಿನ ಮತ್ತೆ ಬಂದು ಮಾಲಿಯ ಜೊತೆ ನಿಲ್ಲಬೇಕು. ಶುಲ್ಕ ಗೊತ್ತುಮಾಡುವಾಗಲೇ ಇದನ್ನು ಬರೆಸಿಕೊಳ್ಳಿ.

2017ರ ಅಕ್ಟೋಬರ್‌ನಿಂದ ಮುಂಬಯಿ ಪಾಲಿಕೆ, ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹಾಕುವ ಸೊಸೈಟಿಗಳು ಹಸಿ ಕಸವನ್ನು ಆವರಣದಲ್ಲೇ ಸಂಸ್ಕರಿಸಬೇಕು ಎಂದ ಮೇಲೆ ‘24 ಗಂಟೆಯಲ್ಲಿ ಗೊಬ್ಬರ’ ಎನ್ನುವ ಯಂತ್ರಗಳ ಮಾರಾಟ ಜೋರಾಯಿತು. ಅವು ಕಾಯಿಸಿ ಒಣಗಿಸಿದ ಕಸ ನೋಡಲು ಕಾಫಿಪುಡಿಯಂತಿರುತ್ತದೆ, ಗೊಬ್ಬರವಾಗಿರುವುದಿಲ್ಲ. ಒಂದು ಹಿಡಿಯನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಕಟ್ಟಿಡಿ, ಬಿಚ್ಚಿದಾಗ ನಾರಿದರೆ ಅದಿನ್ನೂ ಹಸಿ ಕಸವೇ. ಹಾಗೇ ಗಿಡಕ್ಕೆ ಹಾಕಿದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಹೀರಿ ಎಲೆ ಹಳದಿಯಾಗುತ್ತದೆ. ಯಂತ್ರ ಕೊಂಡಾಗಿದ್ದರೆ ಆ ಪುಡಿಯನ್ನೂ ತೇವ ಮಾಡಿ ತೊಟ್ಟಿಯಲ್ಲಿ ಒಂದು ತಿಂಗಳಾದರೂ ಮಾಗಿಸಬೇಕು.

ಮಳೆಗಾಲದ ನಾಲ್ಕು ತಿಂಗಳು ಒಣ ಎಲೆ ಸಿಗುವುದಿಲ್ಲ. 50 ಮನೆಗಳ ಕಟ್ಟಡಕ್ಕೆ ದಿನಕ್ಕೆ ಒಂದು ಗೋಣಿ ಸಡಿಲ ಎಲೆ ಬೇಕು, ತುಳಿದು ಪುಡಿ ಮಾಡಿದರೆ ಮೂರು ಗೋಣಿ ಒಂದಕ್ಕೆ ಇಳಿಯುತ್ತದೆ. ಮಾರ್ಚ್‌ನಲ್ಲಿ ಆವರಣದ ಎಲೆ ಗುಡಿಸಿ ಬೆಂಕಿ ಹಚ್ಚುವ ಬದಲು ಜೂನ್‌ನೊಳಗೆ 40 ಗೋಣಿ ಪುಡಿಯನ್ನು ಮೀಟರ್ ರೂಮಿನಿಂದ ದೂರ, ತಾಡಪಾಲಿನ ಕೆಳಗೆ ಕಟ್ಟಿಡಿ.

– ಕಾಂಪೋಸ್ಟ್ ತರಬೇತುದಾರರು, ಮುಲುಂಡ್, ಮುಂಬಯಿ