ಕ್ಯಾತ್‌ಲ್ಯಾಬ್ ಇದ್ದರೆ ಸಾಲದು, ಕಪಾಟಿನಲ್ಲಿ ಏನಿದೆ?

ಮಾನ್ಯರೇ,

ಅಪಘಾತದಲ್ಲಿ ಹರಿದ ಅಪಧಮನಿಯನ್ನು ತೊಡೆಸಂದಿಯ ಒಂದು ಸಣ್ಣ ರಂಧ್ರದ ಮೂಲಕವೇ ಸರಿಪಡಿಸಬಹುದು. ಇದು ಹೊಸತಲ್ಲ, 1987ರಲ್ಲೇ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಖಾರ್ಕಿವ್‌ನಲ್ಲಿ ಶಸ್ತ್ರಚಿಕಿತ್ಸಕ ನಿಕೊಲಾಯ್ ವೊಲೊದೊಸ್ ಅವರು ಪೆಟ್ಟಿನಿಂದ ಉಬ್ಬಿದ್ದ ಎದೆಯ ಮಹಾಪಧಮನಿಗೆ ಒಳಗಿನಿಂದಲೇ ಸ್ಟೆಂಟ್ ಗ್ರಾಫ್ಟ್ (ಹೊದಿಕೆಯುಳ್ಳ ಜಾಲರಿ ಕೊಳವೆ) ತೊಡಿಸಿದ್ದರು. ಆದರೆ ಹೃದಯದ ಕ್ಯಾತ್‌ಲ್ಯಾಬ್ (ನಾಳದೊಳಗೆ ಸಣ್ಣ ನಳಿಕೆ ತೂರಿಸಿ ಚಿಕಿತ್ಸೆ ಕೊಡುವ ಕೊಠಡಿ) ಇದ್ದಲ್ಲೆಲ್ಲ ಈ ಚಿಕಿತ್ಸೆಯೂ ಸಿಗುತ್ತದೆ ಎನ್ನುವುದು ತಪ್ಪು ತಿಳಿವಳಿಕೆ.

ಹೃದಯದ ಸ್ಟೆಂಟ್ ಸಾಮಾನ್ಯವಾಗಿ 2.5ರಿಂದ 4 ಮಿ.ಮೀ. ಅಗಲದ ಬರಿಯ ಜಾಲರಿ. ಹರಿದ ನಾಳದಲ್ಲಿಟ್ಟರೆ ಅದರ ಕಣ್ಣುಗಳಿಂದ ರಕ್ತ ಸೋರುತ್ತಲೇ ಇರುತ್ತದೆ. ಬೈಕಿನಿಂದ ಬಿದ್ದು ಕೊರಳೆಲುಬಿನಡಿಯ ಅಪಧಮನಿ ಹರಿದರೆ ಬೇಕಿರುವುದು ಹೊದಿಕೆಯುಳ್ಳ, ಸಾಮಾನ್ಯವಾಗಿ 6ರಿಂದ 8 ಮಿ.ಮೀ. ಸ್ಟೆಂಟ್, ನಾಳಕ್ಕಿಂತ ಸುಮಾರು 1 ಮಿ.ಮೀ. ದೊಡ್ಡದು. ಚಿಕ್ಕದಾದರೆ ಅಂಚಿನಲ್ಲಿ ಸೋರಿಕೆ, ತೀರಾ ದೊಡ್ಡದಾದರೆ ಹೊದಿಕೆ ಮಡಿಕೆಬಿದ್ದು ಹೆಪ್ಪು. ರಕ್ತ ಕಳೆದುಕೊಂಡವರ ನಾಳ ಕುಗ್ಗಿರುವುದರಿಂದ ಆಗಿನ ಸಿ.ಟಿ. ಅಳತೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಇಲ್ಲಿ ಕೊಯ್ಯಲು ಹೋದರೆ ಕೊರಳೆಲುಬನ್ನೋ ಎದೆಮೂಳೆಯನ್ನೋ ಕತ್ತರಿಸಬೇಕಾದೀತು. ಒಳಗಿನ ಚಿಕಿತ್ಸೆ ನಿಜಕ್ಕೂ ವರ. ಆದರೆ ನಾಳ ಪೂರ್ತಿ ತುಂಡಾಗಿದ್ದರೆ ತೊಡೆಯಿಂದ ಹೋದ, ಸ್ಟೆಂಟಿಗೆ ದಾರಿ ಮಾಡುವ ತೆಳು ತಂತಿಯಾದ ಗೈಡ್‌ವೈರ್ ಆಚೆ ದಾಟದೆ ಗಾಯದ ಗುಳಿಯಲ್ಲೇ ಸುತ್ತುತ್ತದೆ. ಆಗ ತೋಳಿನಿಂದ ಇನ್ನೊಂದು ವೈರ್ ತಂದು ಸ್ನೇರ್ ಕುಣಿಕೆಯಲ್ಲಿ ಹಿಡಿದೆಳೆಯಬೇಕು. ಸ್ನೇರ್ ಇಲ್ಲವೇ? ಕೆಲಸ ಅಲ್ಲಿಗೇ ನಿಂತಿತು. ಟೆಂಡರ್ ಪಟ್ಟಿ ಮಾಡುವವರು ಹೊದಿಕೆಯ ಸ್ಟೆಂಟ್, ಸ್ನೇರ್ ಎರಡನ್ನೂ ಸೇರಿಸಲಿ. ತಲೆಗೂ ಪೆಟ್ಟಾಗಿದ್ದರೆ ಸ್ಟೆಂಟ್ ನಂತರ ಹೆಪ್ಪು ತಡೆಯಲು ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಲೆಯೊಳಗಿನ ರಕ್ತಸ್ರಾವ ಹೆಚ್ಚಿಸಬಹುದು, ಆ ಬಗ್ಗೆ ನರಶಸ್ತ್ರಚಿಕಿತ್ಸಕರನ್ನು ಮೊದಲೇ ಕೇಳಬೇಕು.

ಮಂಡಿಯ ಹಿಂದಿನ ಅಪಧಮನಿಗೆ ಮಾತ್ರ ನಮ್ಮ ಆಯ್ಕೆ ಇಂದಿಗೂ ಕತ್ತಿಯೇ. ಮಡಚುವ ಕೀಲಿನಲ್ಲಿ ಸ್ಟೆಂಟ್ ಬಾಗಿ ಮುರಿಯುವ, ಮುಚ್ಚಿಕೊಳ್ಳುವ ಭಯ. ಚಕ್ಕಂಬಕ್ಕಲ ಹಾಕಿ ಕೂರುವ ನಮ್ಮವರಿಗಂತೂ ಇನ್ನೂ ಹೆಚ್ಚು. ಇನ್ನೊಂದು ಕಾಲಿನ ಸಿರೆ ತೆಗೆದು ಜೋಡಿಸಿದರೆ ಬಾಳಿಕೆ ಬರುತ್ತದೆ. ರಕ್ತ ಚಿಮ್ಮುತ್ತಿದ್ದರೆ, ಬಾವು ನೋಡನೋಡುತ್ತ ಹಿಗ್ಗುತ್ತಿದ್ದರೆ ಸಿ.ಟಿ.ಗೂ ಕಾಯದೆ ನೇರ ಆಪರೇಷನ್ ಥಿಯೇಟರಿಗೆ.

ಮೊದಲು ನೋಡುವ ಆಸ್ಪತ್ರೆಗೆ ಬೇಕಿರುವುದು ಬಿ.ಪಿ. ಪಟ್ಟಿ, ರಕ್ತದ ಹರಿವಿನ ಸದ್ದು ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್, ಅಷ್ಟೇ. ಪೆಟ್ಟಾದ ಕಾಲಿನ ಒತ್ತಡವನ್ನು ಪೆಟ್ಟಾಗದ ತೋಳಿನ ಒತ್ತಡದಿಂದ ಭಾಗಿಸಿ, 0.9ಕ್ಕಿಂತ ಕಡಿಮೆ ಬಂದರೆ ಸಿ.ಟಿ. ಆ್ಯಂಜಿಯೊ (ರಕ್ತನಾಳಗಳ ಸ್ಕ್ಯಾನ್) ಮಾಡಿಸಿ. ತೋಳಿಗೆ ಪೆಟ್ಟಾಗಿದ್ದರೆ ನಾಡಿ ಸಿಕ್ಕಿತೆಂದು ನೆಮ್ಮದಿ ಬೇಡ, ಅಕ್ಕಪಕ್ಕದ ನಾಳಗಳು ರಕ್ತ ತುಂಬಿಕೊಡುತ್ತವೆ. ಕಾಲು ತಣ್ಣಗಾದ ಹೊತ್ತನ್ನು ರೆಫರಲ್ ಚೀಟಿಯಲ್ಲಿ ಬರೆದು ಕಳಿಸಿ. ಆರು ಗಂಟೆ ದಾಟಿದ್ದರೆ ಸಾಮಾನ್ಯವಾಗಿ ಊದಿದ ಸ್ನಾಯುವಿನ ಒತ್ತಡ ಇಳಿಸಲು ಅದರ ಹೊದಿಕೆಯನ್ನೂ ಸೀಳಬೇಕಾಗುತ್ತದೆ. ಅದನ್ನು ಯಾವ ವೈರೂ ಮಾಡಿಕೊಡದು.

– ಇಬ್ಬರು ರಕ್ತನಾಳ ಶಸ್ತ್ರಚಿಕಿತ್ಸಕರು, ಹುಬ್ಬಳ್ಳಿ